ಗುರು ರಾಹು ಕೂಡಿದ ಜಾತಕ

"ಗುರುಗಳೇ, ನನ್ನ ಜಾತಕದಲ್ಲಿ ಗುರು ರಾಹು ಒಂದೇ ಮನೆಯಲ್ಲಿ ಕೂಡಿದ್ದಾರೆ. ಇಂಥವನು ವಿದ್ಯೆ ಕೊಟ್ಟ ಗುರುವಿಗೇ ದ್ರೋಹ ಮಾಡುತ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ಗೊತ್ತಿದ್ದೂ ನನ್ನನ್ನು ಯಾಕೆ ಇಟ್ಟುಕೊಂಡಿದ್ದೀರಿ?"

ಸೇತುರಾಮ ಹೀಗೆ ಕೇಳಿದಾಗ ತಿಪ್ಪಾಜೋಯಿಸರು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಸೇತುರಾಮ ಅವರ ಬಳಿ ಜ್ಯೋತಿಷ ಕಲಿಯುತ್ತಿದ್ದ. ತನ್ನ ಜಾತಕವನ್ನು ತಾನೇ ಗುಣಿಸಿ ನೋಡಿದ್ದು ಆ ಬೆಳಿಗ್ಗೆಯೇ. ಆಮೇಲೆ ಅವನಿಗೆ ಅನ್ನ ಸೇರಲಿಲ್ಲ. ಹೋಗು ಎಂದರೆ ಹೋಗಿಬಿಡುವುದು ಎಂದು ಬಟ್ಟೆಗಂಟನ್ನೂ ಕಟ್ಟಿಟ್ಟಿದ್ದ.

ಜೋಯಿಸರು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. "ನೀನು ಗಂಟು ಕಟ್ಟಿದ್ದು ನೋಡಿದೆ. ಹೊರಡುವುದಿದ್ದರೆ ಈ ಕತೆ ಕೇಳಿ ಹೊರಡು" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಜೋಯಿಸನಿದ್ದ. ಲೆಕ್ಕದಲ್ಲಿ ಎತ್ತಿದ ಕೈ. ಅವನಲ್ಲಿಗೆ ಒಬ್ಬ ಶಿಷ್ಯ ಬಂದ. ಜೋಯಿಸ ಮೊದಲು ಮಾಡಿದ ಕೆಲಸವೆಂದರೆ ಅವನ ಜಾತಕ ಗುಣಿಸಿದ್ದು. ನೋಡಿದರೆ ನಿನ್ನ ಹಾಗೆಯೇ, ಗುರು ರಾಹು ಕೂಡಿದ್ದರು. ಜೋಯಿಸನಿಗೆ ಭಯವಾಯಿತು. ಹಾಗೆಂದು ಓಡಿಸಲೂ ಮನಸ್ಸು ಬರಲಿಲ್ಲ. ಶಿಷ್ಯ ಚುರುಕು, ಮೇಲಾಗಿ ಮನೆಗೆಲಸಕ್ಕೂ ಆಗುತ್ತಿದ್ದ. ನಮ್ಮಂಥ ಜೋಯಿಸರಿಗೆ ಇಂಥ ಲೆಕ್ಕವೂ ಚೆನ್ನಾಗಿ ಬರುತ್ತದೆ.

ಕೊನೆಗೆ ಒಂದು ಉಪಾಯ ಹೂಡಿದ. ಎಲ್ಲವನ್ನೂ ಕಲಿಸಿದ, ಒಂದನ್ನು ಬಿಟ್ಟ. ಪಂಚಾಂಗದಲ್ಲಿ ಕೊಟ್ಟಿರುವ ಸೂರ್ಯೋದಯ ಪಂಚಾಂಗ ಬರೆದ ಊರಿನದು. ಮಗು ದೂರದ ಊರಿನಲ್ಲಿ ಹುಟ್ಟಿದ್ದರೆ ಅಲ್ಲಿನ ಸೂರ್ಯೋದಯಕ್ಕೆ ತಿದ್ದಿಕೊಂಡು ಲಗ್ನವನ್ನು, ಅಂದರೆ ಹುಟ್ಟಿದ ಗಳಿಗೆಗೆ ಮೂಡುತ್ತಿದ್ದ ರಾಶಿಯನ್ನು, ಗುಣಿಸಬೇಕು. ಮನೆಗಳನ್ನು ಎಣಿಸುವುದು ಅಲ್ಲಿಂದಲೇ. ಆ ತಿದ್ದುವ ಪಾಠವನ್ನು ಮಾಡಲೇ ಇಲ್ಲ. ಊರಿನವರ ಜಾತಕ ಹೇಗೂ ಸರಿಯಾಗಿ ಬರುತ್ತದೆ. ಹೊರಗೆ ಹುಟ್ಟಿದವರದು ತಪ್ಪಿದಾಗ ಇವನು ನನ್ನ ಬಾಗಿಲಿಗೇ ಬರಬೇಕು. ಬಂದು ಕೇಳಲೇಬೇಕಾದವನು ನನಗೆ ಹೇಗೆ ಎದುರು ನಿಂತಾನು ಎಂದುಕೊಂಡ. ಆವತ್ತು ಅವನಿಗೆ ಸೊಗಸಾದ ನಿದ್ದೆ ಬಂತು.

ಶಿಷ್ಯನಿಗೋ, ಕೇಳಲು ಏನೋ ಉಳಿದಿದೆ ಎಂಬುದೇ ಗೊತ್ತಿರಲಿಲ್ಲ. ವಿದ್ಯೆ ಮುಗಿಯಿತೆಂದು ಗುರುವಿನ ಕಾಲಿಗೆ ಬಿದ್ದು, ಪಕ್ಕದ ಊರಿಗೆ ಹೋಗಿ ನೆಲೆಸಿದ. ಒಳ್ಳೆಯ ಹೆಸರೂ ಮಾಡಿದ.

ಜೋಯಿಸನಿಗೆ ಒಬ್ಬಳೇ ಮಗಳು. ಆ ಪಕ್ಕದ ಊರಿನಿಂದಲೇ ಸಂಬಂಧ ಕೂಡಿಬಂತು. ಹುಡುಗ ಹುಡುಗಿ ಒಪ್ಪಿದರು. ಆದರೆ ಹುಡುಗಿಯ ಅಪ್ಪನೇ ಜೋಯಿಸನಾದ್ದರಿಂದ ಅವನು ಬರೆದ ಜಾತಕವನ್ನು ನಂಬಲು ಗಂಡಿನ ಕಡೆಯವರು ಮೀನ ಮೇಷ ಎಣಿಸಿದರು. ಹುಟ್ಟಿದ ವೇಳೆ ಕೇಳಿಕೊಂಡು ಹೋಗಿ ತಮ್ಮೂರಿನಲ್ಲೇ, ಅಂದರೆ ಆ ಶಿಷ್ಯನ ಹತ್ತಿರವೇ, ಹೊಸದಾಗಿ ಜಾತಕ ಬರೆಸಿದರು. ಹುಡುಗಿ ಹುಟ್ಟಿದ್ದು ತಾಯಿಯ ತವರಿನಲ್ಲಿ, ಪೂರ್ವದ ಕಡೆ ಬಹುದೂರದ ಊರಿನಲ್ಲಿ.

ಶಿಷ್ಯ ಕಲಿತಂತೆಯೇ ಲೆಕ್ಕ ಹಾಕಿದ. ಕುಜ ಶನಿ ಜೊತೆಯಾಗಿ ಏಳನೆಯ ಮನೆಯಲ್ಲಿ, ಗಂಡನ ಸ್ಥಾನದಲ್ಲಿ, ಬಂದು ಕೂತರು. ಈ ಮದುವೆ ಬೇಡ ಎಂದು ಹೇಳಿ ಕಳಿಸಿದ. ನಿಜವಾಗಿ ಆ ಲಗ್ನ ಎರಡು ರಾಶಿಗಳ ಗಡಿಯಲ್ಲಿತ್ತು. ಸೂರ್ಯೋದಯ ತಿದ್ದಿಕೊಂಡಿದ್ದರೆ ಅದು ಮುಂದಿನ ರಾಶಿಗೆ ಹೋಗಿ, ಕುಜ ಶನಿ ಆರನೆಯ ಮನೆಗೆ ಬರುತ್ತಿದ್ದರು. ಆರರಲ್ಲಿ ಅವರಿಬ್ಬರೂ ಇದ್ದರೆ ಹುಡುಗಿಗೆ ಒಳ್ಳೆಯದೇ.

ಜೋಯಿಸ ಕೆಂಡಾಮಂಡಲವಾಗಿ ಶಿಷ್ಯನ ಮನೆಗೆ ಬಂದ.

"ನನ್ನ ಮಗಳು ಅಂತ ಗೊತ್ತಿತ್ತೇನೋ?"

"ಗೊತ್ತಿತ್ತು, ಗುರುಗಳೇ. ಮತ್ತೆ ಮತ್ತೆ ಗುಣಿಸಿ ನೋಡಿದೆ. ಯಾರ ಮುಖ ನೋಡಿಯೂ ಗ್ರಹ ಸರಿಸಬೇಡ ಅಂತ ನೀವೇ ಹೇಳಿದ್ದಿರಿ. ಎಲ್ಲಿ ತಪ್ಪಿದ್ದೇನೆ ತೋರಿಸಿಕೊಡಿ, ಈಗಲೇ ಹೋಗಿ ಅವರ ಕಾಲು ಹಿಡಿಯುತ್ತೇನೆ" ಎಂದು ಶಿಷ್ಯ ಅಳುತ್ತಾ ಲೆಕ್ಕ ಬರೆದ ಹಲಗೆಯನ್ನು ಮುಂದಿಟ್ಟ.

ಜೋಯಿಸ ನೋಡಿದ. ಒಂದೊಂದು ಸಾಲೂ ತಾನು ಕಲಿಸಿದ್ದೇ. ತಪ್ಪು ತೋರಿಸಬೇಕೆಂದರೆ ಬಚ್ಚಿಟ್ಟದ್ದನ್ನು ಹೇಳಬೇಕು. ಹಲಗೆಯನ್ನು ಪಕ್ಕಕ್ಕೆ ತಳ್ಳಿದ. ಎದ್ದು ನೇರವಾಗಿ ಗಂಡಿನ ಮನೆಗೆ ಹೋಗಿ, ಆ ಲಗ್ನ ತಪ್ಪು, ಆ ಶಿಷ್ಯನಿಗೆ ಲೆಕ್ಕ ಬರುವುದಿಲ್ಲ ಎಂದ.

ಹುಡುಗನ ತಂದೆ ಒಳ್ಳೆಯ ಮನುಷ್ಯ. ಕುಡಿಯಲು ನೀರು ಕೊಟ್ಟು ಕೂರಿಸಿ ಮೆಲ್ಲಗೆ ಕೇಳಿದ: "ಅವರು ಕಲಿತದ್ದು ನಿಮ್ಮ ಹತ್ತಿರವೇ ಅಲ್ಲವೇ ಸ್ವಾಮಿ? ನೀವು ಕಲಿಸಿದ್ದೇ ತಪ್ಪಾದರೆ ನಿಮ್ಮ ಲೆಕ್ಕವನ್ನಾದರೂ ಹೇಗೆ ನಂಬೋಣ?"

ಅದೊಂದನ್ನು ನಾನು ಅವನಿಗೆ ಕಲಿಸಲಿಲ್ಲ ಎಂದು ಹೇಳಿದ್ದರೆ ಮಗಳ ಮದುವೆ ಉಳಿಯುತ್ತಿತ್ತು. ಹೇಳಲಿಲ್ಲ. ಲೋಟ ಕೆಳಗಿಟ್ಟು ಎದ್ದು ಬಂದ.

ಸಂಬಂಧ ಮುರಿಯಿತು. ಮಗಳಿಗೆ ಆ ಹುಡುಗ ತುಂಬ ಹಿಡಿಸಿದ್ದ. ಒಳಗೆ ಕೂತು ಅತ್ತಳು. ಊರಿನವರು ಜಗಲಿಯ ಮೇಲೆ ಸೇರಿ, ಎಂಥ ಗುರುದ್ರೋಹಿ ಎಂದು ಶಿಷ್ಯನನ್ನು ಬಾಯಿಗೆ ಬಂದಂತೆ ಬೈದರು. ಅವನ ಜಾತಕದಲ್ಲಿ ಆ ಯೋಗವನ್ನು ನಾನು ಮೊದಲ ದಿನವೇ ನೋಡಿದ್ದೆ ಎಂದು ಜೋಯಿಸ ತಲೆಯಾಡಿಸಿದ.

ಕತೆ ಅಲ್ಲಿಗೆ ನಿಂತಿತು. ತಿಪ್ಪಾಜೋಯಿಸರು ಹೊರಗೆ ಹೋಗಿ ಎಲೆ ಉಗುಳಿ ಬಂದು ಕೂತರು. ಸೇತುರಾಮನ ಭಯ ಇನ್ನೂ ಹೋಗಿರಲಿಲ್ಲ.

"ಹಾಗಾದರೆ ಯೋಗ ಫಲಿಸಿತು ಅಂತಲೇ ಆಯಿತಲ್ಲ, ಗುರುಗಳೇ?"

"ಫಲಿಸಿತು ಕಣಯ್ಯಾ, ಗುರುವೇ ಮುಂದೆ ನಿಂತು ಫಲಿಸುವ ಹಾಗೆ ನೋಡಿಕೊಂಡ, ಹೋಗು, ಗಂಟು ಬಿಚ್ಚಿಟ್ಟು ಹಲಗೆ ತಾ, ಇವತ್ತು ಸೂರ್ಯೋದಯ ತಿದ್ದುವ ಪಾಠ."