ದೊರೆಯ ಸಾವಿನ ತಾಲೀಮು

ಬಾಲ್ಟಿಕ್ ಕಡಲ ದಂಡೆಯನ್ನು ಆಳುತ್ತಿದ್ದ ದೊರೆ ಡ್ರಾಗೊಮಿರನಿಗೆ ಮುಪ್ಪಿನಲ್ಲೊಂದು ಹುಚ್ಚು ಹಿಡಿಯಿತು. ತಾನು ಸತ್ತರೆ ಯಾರು ಯಾರು ಅಳುತ್ತಾರೆ, ಬದುಕಿರುವಾಗಲೇ ನೋಡಬೇಕು!

"ಸತ್ತಾಗ ಮಾಡುವ ಶಾಸ್ತ್ರವೆಲ್ಲ ನಡೀಬೇಕು. ಒಂದು ಬಿಟ್ಟರೂ ನಿನ್ನ ತಲೆ ಹೋಯ್ತು," ಎಂದು ರಾಜಮುದ್ರೆ ಕಾಯುವ ಆಳು ಹಾಂಕೊನನ್ನು ಗದರಿಸಿ, ಚರ್ಚಿನೊಳಗೆ ತೆರೆದ ಶವಪೆಟ್ಟಿಗೆಯಲ್ಲಿ ಮಲಗಿದ.

ಊರಿಗೆ ಊರೇ ಬಂದು ನಿಂತಿತು. ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲ. ತನ್ನ ಹಡಗಿಗೆ ದಾರಿ ಬಿಡಲಿಲ್ಲವೆಂದು ದೊರೆ ಹಿಡಿಸಿದ್ದ ಬೆಸ್ತರಿಗೆ ಮರುದಿನವೇ ಗಲ್ಲು. ಆಜ್ಞೆಗೆ ಮುದ್ರೆಯೂ ಬಿದ್ದಾಗಿತ್ತು. ಆ ಬೆಸ್ತರಲ್ಲಿ ಹಾಂಕೊನ ತಮ್ಮನೂ ಒಬ್ಬ.

ಹಾಂಕೊ ಸುತ್ತಿಗೆ ಎತ್ತಿದ. ಒಂದೇ ಏಟಿಗೆ ರಾಜಮುದ್ರೆ ಹೋಳಾಯಿತು.

ದೊರೆ ದಡಕ್ಕನೆ ಎದ್ದು ಕೂತ. "ಏನೋ ಮಾಡಿದೆ, ಪಾಪಿ?"

"ಶಾಸ್ತ್ರ, ಪ್ರಭು. ದೊರೆ ಸತ್ತರೆ ಮುದ್ರೆ ಒಡೀಬೇಕು. ಅದು ಒತ್ತಿದ ಆಜ್ಞೆಗಳೂ ಅದರ ಜೊತೆಗೇ ಸಾಯ್ತಾವೆ. ನಿಮ್ಮ ಅಪ್ಪಾಜಿ ತೀರಿಕೊಂಡಾಗಲೂ ಹೀಗೇ ಮಾಡಿದ್ದೆವು."

"ಇವನನ್ನು ಈಗಲೇ ಗಲ್ಲಿಗೆ ಹಾಕು!"

ಜನರ ನಡುವಿದ್ದ ಗಲ್ಲಿಗೇರಿಸುವವನು ನಿಂತಲ್ಲಿಂದ ಕದಲಲಿಲ್ಲ. "ಮುದ್ರೆ ಬಿದ್ದ ಆಜ್ಞೆ ಕೊಡಿ, ಪ್ರಭು. ಇಲ್ಲದಿದ್ದರೆ ಅದು ಕೊಲೆ ಆಗುತ್ತೆ."

ಆಗ ಹಿಂದಿನ ಸಾಲಿನಿಂದ ಅಳು ಎದ್ದಿತು. ದೊರೆ ಆಸೆಯಿಂದ ಕತ್ತು ಚಾಚಿ ನೋಡಿದ. ಬೆಸ್ತರ ಹೆಂಡಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡು, ನಗುತ್ತಲೇ ಬಿಕ್ಕುತ್ತಿದ್ದರು.