ಹುಳಿಯ ಹಬೆ

ಶಿಷ್ಯನು ಕೇಳಿದನು: "ಇಂದ್ರಿಯಗಳಲ್ಲೆಲ್ಲ ಕಣ್ಣೇ ದೊಡ್ಡದು ಎನ್ನುತ್ತಾರೆ. ಹಾಗಿದ್ದರೆ ರುಚಿಯಾದದ್ದು ನಾಲಿಗೆಗೆ ತಾಗಿದೊಡನೆ ಮನುಷ್ಯ ಕಣ್ಣನ್ನೇ ಏಕೆ ಮುಚ್ಚುತ್ತಾನೆ? ಮರೆತ ಹೆಸರನ್ನು ನೆನೆಯುವಾಗಲೂ ಹಾಗೆಯೇ ಮಾಡುತ್ತಾನಲ್ಲ?"

ಗುರುಗಳು ಹೇಳಿದರು:

ಒಂದು ಛತ್ರದಲ್ಲಿ ಒಬ್ಬ ಅಡಿಗೆಯವನಿದ್ದ. ದೇವರಿಗೆ ನೈವೇದ್ಯವಾಗುವ ತನಕ ಅಡಿಗೆಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ ಎಂಬುದು ಅಲ್ಲಿನ ಕಟ್ಟುಪಾಡು. ಆದ್ದರಿಂದ ಅವನು ಪಾತ್ರೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಹಬೆಯಲ್ಲೇ ಉಪ್ಪು ಖಾರ ಅಳೆಯುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಉಂಡವರು ಅವನ ಕೈಗುಣವನ್ನು ಹೊಗಳುತ್ತಿದ್ದರು; ಪಾಪ, ಮೂಗನ್ನು ಕೇಳುವವರಿರಲಿಲ್ಲ.

ಒಂದು ದಿನ ಸಂತರ್ಪಣೆ. ಮುನ್ನೂರು ಎಲೆ. ಇದ್ದ ಪಾತ್ರೆ ಸಾಲದೆ, ಛತ್ರ ನೋಡಿಕೊಳ್ಳುವ ಪಾರುಪತ್ಯಗಾರನು ಉಗ್ರಾಣದಿಂದ ತಾಮ್ರದ ಕೊಪ್ಪರಿಗೆಯೊಂದನ್ನು ತೆಗೆಸಿಕೊಟ್ಟ. ಒಳಗೆ ತವರದ ಕಲಾಯಿ ಸರಿಯಾಗಿದೆ ಎಂದು ಮಾತೂ ಕೊಟ್ಟ. ಅದರಲ್ಲೇ ಹುಳಿ ಕುದಿಯಿತು.

ಅಡಿಗೆಯವನು ಬಗ್ಗಿ ಕಣ್ಣು ಮುಚ್ಚಿದ. ಹುಣಿಸೆ, ಬೇಳೆ, ಇಂಗು. ಅವುಗಳ ಅಡಿಯಲ್ಲಿ ತಾಮ್ರದ ಕಿಲುಬಿನ ವಾಸನೆ. ಕಲಾಯಿ ಹೋದ ತಾಮ್ರದಲ್ಲಿ ಹುಣಿಸೆ ಕುದಿದರೆ ಅದು ಅಡಿಗೆಯಲ್ಲ, ವಿಷ.

ಕಣ್ಣು ತೆರೆದ. ಹುಳಿಯ ಬಣ್ಣ ಹೊನ್ನಿನ ಹಾಗಿತ್ತು. ಬಾಗಿಲಾಚೆ ಎಲೆಯ ಮುಂದೆ ಮಕ್ಕಳೂ ಮುದುಕರೂ ಹಸಿದು ಕೂತಿದ್ದರು. ಹೊತ್ತಾಯಿತೆಂದು ಪಕ್ಕದಲ್ಲೇ ನಿಂತಿದ್ದ ಪಾರುಪತ್ಯಗಾರನ ಮುಖ ಕೆಂಪಗಾಗಿತ್ತು. ವಾಸನೆ ಮಾಯವಾಯಿತು. ತನಗೆ ವಯಸ್ಸಾಯಿತು, ಭ್ರಮೆಯಿರಬೇಕು ಎಂದುಕೊಂಡ.

ಮತ್ತೆ ಕಣ್ಣು ಮುಚ್ಚಿದ. ಕಿಲುಬು ಅಲ್ಲೇ ಇತ್ತು. ಇದನ್ನು ಬಡಿಸುವುದು ಬೇಡವೆಂದು ಮೆಲ್ಲಗೆ ಹೇಳಿದ.

ಪಾರುಪತ್ಯಗಾರನು ರೇಗಿದ. ಪೂಜೆ ಮುಗಿಯುತ್ತ ಬಂತು, ದೇವರ ಮುಂದೆ ಏನಿಡಲಿ, ಬಂದವರಿಗೆ ಏನು ಹೇಳಲಿ ಎಂದು ಕೂಗಾಡಿದ. ಆಮೇಲೆ ದನಿ ತಗ್ಗಿಸಿ, "ಬಣ್ಣ ನೋಡಯ್ಯ. ನಮಗೆಲ್ಲ ಕಾಣುವುದು ನಿನಗೊಬ್ಬನಿಗೆ ಕಾಣುವುದಿಲ್ಲವೇ? ಬಡಿಸು. ಇಲ್ಲವಾದರೆ ನಾಳೆಯಿಂದ ಈ ಹೊಸಿಲು ತುಳಿಯಬೇಡ" ಎಂದ.

ಅಡಿಗೆಯವನು ನೋಡಿದ. ನಿಜ, ಬಣ್ಣ ಚೆನ್ನಾಗಿತ್ತು. ಕೈ ತಾನಾಗಿ ಸೌಟಿನ ಕಡೆ ಹೋಯಿತು. ಆಗ ಅವನಿಗೆ ತನ್ನ ಬಗ್ಗೆಯೇ ಭಯವಾಯಿತು. ಮೂರನೆಯ ಸಲ ಕಣ್ಣು ಬಿಗಿಯಾಗಿ ಮುಚ್ಚಿದ. ಈ ಸಲ ತೆರೆದವನು ಯಾರ ಮುಖವನ್ನೂ ನೋಡಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಕೊಪ್ಪರಿಗೆಯನ್ನು ಮೋರಿಗೆ ಮಗುಚಿಬಿಟ್ಟ.

ದೇವರ ಅಡಿಗೆ ಚೆಲ್ಲಿದ ಪಾಪಿ ಎಂದು ನಾಲ್ಕು ಜನ ಅವನ ರಟ್ಟೆ ಹಿಡಿದರು. ಪಾರುಪತ್ಯಗಾರನು ಹೊಡೆಯಲು ಕೈಯೆತ್ತಿದವನು ಹಾಗೆಯೇ ನಿಂತ. ಬರಿದಾದ ತಳದಲ್ಲಿ ಅಂಗೈಯಗಲ ಕಲಾಯಿ ಹೋಗಿ ತಾಮ್ರ ಕಾಣುತ್ತಿತ್ತು. ಅದರ ಅಂಚಿಗೆ ಹಸಿರು ಕಟ್ಟಿತ್ತು.

ಎತ್ತಿದ ಕೈ ಇಳಿಸಿ ಅವನು, "ಮೊದಲೇ ಗಟ್ಟಿಯಾಗಿ ಹೇಳಬಾರದಿತ್ತೆ?" ಎಂದು ಕೇಳಿದ.

"ಕಣ್ಣು ಮುಚ್ಚಿದಾಗ ನನ್ನೆದುರು ಹುಳಿಯೊಂದೇ ಇರುತ್ತಿತ್ತು ಸ್ವಾಮಿ" ಎಂದ ಅಡಿಗೆಯವನು. "ತೆರೆದಾಗ ನೀವಿರುತ್ತಿದ್ದಿರಿ."

ಗುರುಗಳು ಕತೆ ನಿಲ್ಲಿಸಿದರು. ಅವನ ಮೂಗು ಅದೆಷ್ಟು ಚುರುಕು ಎಂದು ಶಿಷ್ಯನು ಬೆರಗಾದನು.

"ಮೂಗಿಗೆ ಮೊದಲ ಸಲವೇ ತಿಳಿದಿತ್ತು, ಅದನ್ನು ನಂಬಲು ಅವನು ಮೂರು ಸಲ ಕಣ್ಣು ಮುಚ್ಚಬೇಕಾಯಿತು, ನೀನು ಎಷ್ಟು ಸಲ ಮುಚ್ಚಬೇಕಾದೀತು?" ಎಂದರು ಗುರುಗಳು.