ನಾಲ್ಕು ಎಲ್ಲೆಗಳ ಕಲ್ಲು

ಹೊಳೆ ದಾಟುವ ಕಡವಿನ ಪಕ್ಕದಲ್ಲಿ ಒಂದು ಆಶ್ರಮ. ಎರಡು ಗುಡಿಸಲು, ಒಂದು ಹೊಂಗೆ ಮರ.

ಗುರು ಕೇತಯ್ಯನವರು ಪ್ರಾಯದಲ್ಲಿ ವರ್ತಕರ ಜೊತೆ ಹಡಗು ಹತ್ತಿ, ಒಂಟೆ ಹತ್ತಿ, ಹತ್ತಾರು ರಾಜ್ಯ ಸುತ್ತಿ ಬಂದವರು. ಮನೆಗೆ ತಂದದ್ದು ಒಂದು ನೋಯುವ ಮಂಡಿ, ಮತ್ತೆ ಹೇಳಿ ಮುಗಿಯದಷ್ಟು ಕಥೆ.

ಆ ಕಥೆಗಳನ್ನು ಕೇಳುತ್ತಲೇ ಬೆಳೆದವನು ಶಿಷ್ಯ ಸೋವಣ. ಅಕ್ಷರ ಚೆನ್ನ, ಮಾತು ಚೆನ್ನ. ಅಡುಗೆ ಮಾತ್ರ ಯಾರೂ ತಿನ್ನುವ ಹಾಗಿರಲಿಲ್ಲ. ಗುರುಗಳು ತಿನ್ನುತ್ತಿದ್ದರು.

ಕಡವಿನಲ್ಲಿ ಮಾಕಬ್ಬೆ ಎಂಬ ಮುದುಕಿಯ ಅರವಟ್ಟಿಗೆ ಇತ್ತು. ದೋಣಿಗೆ ಕಾಯುವವರಿಗೆ ನೀರು, ಹಸಿದವರಿಗೆ ಗಂಜಿ. ಒಮ್ಮೆ ಆ ದಾರಿಯಲ್ಲಿ ಬಂದ ಅರಸ ಅಲ್ಲಿ ಗಂಜಿ ಕುಡಿದ. ಅರವಟ್ಟಿಗೆ ನಡೆಯಲಿ ಎಂದು ಹೊಳೆದಂಡೆಯ ಒಂದು ಹೊಲವನ್ನು ದಾನ ಕೊಟ್ಟ.

ಬರೀ ಬಾಯಿಮಾತಾದರೆ ದಾನ ನಿಲ್ಲುವುದಿಲ್ಲ. ಪಕ್ಕದ ಹೊಲದ ಗಾವುಂಡ ಆಗಲೇ ಪ್ರತಿ ಉಳುಮೆಗೂ ಒಂದೊಂದು ಸಾಲು ಈಚೆಗೆ ಒತ್ತುತ್ತಿದ್ದ. ಅದಕ್ಕೇ ಅರಸ ಶಾಸನ ಹಾಕಿಸಲು ನಯ ಮಾಡಿದ ಕಲ್ಲೊಂದನ್ನು ಕಳಿಸಿದ. ಎದೆಯೆತ್ತರದ ಕಲ್ಲು. ಇನ್ನೊಂದು ಬರುವುದಿಲ್ಲ.

ಶಾಸನ ಬರೆದುಕೊಡುವ ಕೆಲಸ ಸೋವಣನಿಗೆ ಬಂತು. ಚೆನ್ನಾಗಿ ಬರೆದರೆ ಅರಮನೆಯಲ್ಲೇ ಕೆಲಸ ಎಂದು ಅಧಿಕಾರಿ ಕಾಳಿಮರಸ ಹೇಳಿ ಹೋಗಿದ್ದ.

ಸೋವಣ ಬರೆದ. ತಾಳೆಗರಿ ಹಿಡಿದು ಗುರುಗಳ ಮುಂದೆ ಕೂತು ಓದಿದ.

"ಸ್ವಸ್ತಿ. ಸೂರ್ಯನ ಮಗ, ಸ್ವರ್ಗದ ಮಗ, ರಾಜರ ರಾಜ, ನಾಲ್ಕು ದಿಕ್ಕುಗಳ ಒಡೆಯ..."

ಗುರುಗಳು ಕೈ ಎತ್ತಿದರು. "ಯಾರಪ್ಪಾ ಇವರೆಲ್ಲ?"

"ನಮ್ಮ ಅರಸರು, ಗುರುಗಳೇ."

"ಇವರ ಅಪ್ಪನನ್ನು ನಾನು ನೋಡಿದ್ದೆ. ಸೂರ್ಯನ ಹಾಗೇನೂ ಕಾಣಲಿಲ್ಲ. ಬಿಸಿಲಿಗೆ ನಮ್ಮ ಹಾಗೇ ಬೆವರುತ್ತಿದ್ದರು."

ಸೋವಣನಿಗೆ ನಗು ಬಂತು. "ನೀವೇ ಹೇಳಿದ ಕಥೆ ಅಲ್ಲವೇ? ಈಜಿಪ್ಟಿನ ಅರಸ ಸೂರ್ಯನ ಮಗ. ಚೀನದವನು ಸ್ವರ್ಗದ ಮಗ. ಪಾರಸೀಕರವನು ರಾಜರ ರಾಜ. ಬ್ಯಾಬಿಲೋನಿನವನು ನಾಲ್ಕು ದಿಕ್ಕುಗಳ ಒಡೆಯ. ಅವರಿಗೆ ಒಂದೊಂದೇ ಬಿರುದು. ನಮ್ಮವರಿಗೆ ನಾಲ್ಕನ್ನೂ ಸೇರಿಸಿದೆ."

"ಕೊಡುವುದರಲ್ಲಿ ನಿನ್ನ ಕೈ ದೊಡ್ಡದು. ಮುಂದೆ ಓದು."

ಅವನು ಓದಿದ. ಗುರುಗಳು ಒಂದು ಮಂಡಿಗೆ ಎಣ್ಣೆ ತಿಕ್ಕಿ ಮುಗಿಸಿದರು. ನೋವಿಲ್ಲದ ಇನ್ನೊಂದು ಮಂಡಿಗೂ ತಿಕ್ಕಿದರು. ಬಿರುದು ಮುಗಿದಿರಲಿಲ್ಲ.

ಕೊನೆಗೆ ಬಂತು: "ಇಂತಪ್ಪ ಅರಸನು ಕಡವಿನ ಅರವಟ್ಟಿಗೆಗೆ ಒಂದು ಹೊಲವನ್ನು ಕೊಟ್ಟನು. ಚಂದ್ರ ಸೂರ್ಯರು ಇರುವ ತನಕ ಇದು ಸಲ್ಲಲಿ."

"ಯಾವ ಹೊಲ?"

"ಇದೇ ಗುರುಗಳೇ, ಹೊಳೆದಂಡೆಯದು."

"ದಂಡೆಯುದ್ದಕ್ಕೂ ಹೊಲವೇ ಇದೆ. ಎಲ್ಲೆ ಎಲ್ಲಿ?"

"ಕಲ್ಲಿನಲ್ಲಿ ಜಾಗ ಸಾಲಲಿಲ್ಲ. ಎಲ್ಲೆ ಹೇಗೂ ಮಾಕಬ್ಬೆಗೆ ಗೊತ್ತಲ್ಲ."

ಗುರುಗಳು ಹೊದ್ದಿದ್ದ ಪಂಚೆ ತೆಗೆದು ಅವನ ಕೈಗಿಟ್ಟರು. "ಎಣ್ಣೆಯಾಗಿದೆ. ಒಗೆಯೋಣ ನಡಿ."

ಹೊಳೆಯಲ್ಲಿ ಆಶ್ರಮದವರು ಬಟ್ಟೆ ಒಗೆಯುವ ಕಲ್ಲಿತ್ತು. ಸೋವಣ ಎಷ್ಟೋ ವರ್ಷದಿಂದ ಅದರ ಮೇಲೇ ಬಟ್ಟೆ ಬಡಿದವನು. ಪಂಚೆ ಒಗೆದು ಹಿಂಡಿದ.

"ಇನ್ನು ಆ ಕಲ್ಲು ಮಗುಚು," ಎಂದರು ಗುರುಗಳು.

"ಈಗಲೇ?"

"ಮಂಡಿ ಸರಿ ಇದ್ದಿದ್ದರೆ ನಿನ್ನನ್ನು ಕೇಳುತ್ತಿರಲಿಲ್ಲ."

ಸೋವಣ ಒಂದು ಬಿದಿರ ಗಳ ತಂದು ಕೆಳಗೆ ಕೊಟ್ಟು ಮೀಟಿದ. ಕಲ್ಲು ನೀರಿನಲ್ಲಿ ಹೊರಳಿತು. ಒಂದು ಏಡಿ ಸಿಟ್ಟಿನಿಂದ ಓಡಿಹೋಯಿತು. ಕೆಸರು ತೊಳೆದರೆ ಅಡಿಯಲ್ಲೆಲ್ಲ ಅಕ್ಷರ.

ಅವನು ಬೆರಳಿಟ್ಟು ಓದಿದ. ಸಮಸ್ತ ಲೋಕಕ್ಕೆ ಆಶ್ರಯನಾದವನು. ನಾಲ್ಕು ಸಮುದ್ರಗಳ ನಡುವಿನ ಭೂಮಿಗೆ ಒಡೆಯನಾದವನು. ಬಿರುದು ಇಳಿದೂ ಇಳಿದೂ ಕಲ್ಲಿನ ಬುಡಕ್ಕೆ ಬಂದಿತ್ತು. ಕಟ್ಟಕಡೆಯ ಸಾಲು, ಇಕ್ಕಟ್ಟಿನಲ್ಲಿ ಸಣ್ಣದಾಗಿ: ದೇಗುಲಕ್ಕೆ ಒಂದು ತೋಟವನ್ನು ಕೊಟ್ಟನು.

ಸೋವಣ ತಲೆ ಎತ್ತಿ ಸುತ್ತ ನೋಡಿದ. ಜಾಲಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಯಾವ ತೋಟ ಗುರುಗಳೇ?"

"ಊರಿನವರೂ ಹಾಗೇ ಕೇಳಿರಬೇಕು. ಕೇಳಿ ಸಾಕಾಗಿ, ಕಲ್ಲು ನುಣ್ಣಗಿದೆಯಲ್ಲ ಎಂದು ಹೊಳೆಗೆ ತಂದರು."

"ಈ ಅರಸನ ಹೆಸರನ್ನೇ ನಾನು ಕೇಳಿಲ್ಲ."

"ನಾನೂ ಕೇಳಿಲ್ಲ. ಒಮ್ಮೆ ಇಲ್ಲಿ ಜಾರಿ ಬಿದ್ದಾಗ ಕೈ ಅಡಿಗೆ ಹೋಯಿತು. ಬೆರಳಿಗೆ ಅಕ್ಷರ ತಗುಲಿತು, ಅಷ್ಟೇ."

ಸೋವಣ ಕಾಲು ನೀರಿಗೆ ಬಿಟ್ಟು ಕೂತ. "ಆ ದೊಡ್ಡ ದೊಡ್ಡ ಚಕ್ರವರ್ತಿಗಳ ಕಲ್ಲುಗಳೂ ಹೀಗೆಯೇ?"

"ನೀನು ಅರ್ಧ ಕಥೆಗೇ ನಿದ್ದೆ ಹೋಗುತ್ತಿದ್ದೆ. ಉಳಿದರ್ಧ ಕೇಳು. ಈಜಿಪ್ಟಿನಲ್ಲಿ ಒಬ್ಬನ ಹೆಸರನ್ನು ಕೆರೆದು ತೆಗೆದು ಇನ್ನೊಬ್ಬ ತನ್ನದನ್ನು ಕೆತ್ತಿಸಿದ್ದ. ಪಾರಸೀಕರು ಬೆಟ್ಟದ ಮೈಮೇಲೆ ಕೆತ್ತಿಸಿದ್ದರು. ಅಷ್ಟು ಎತ್ತರಕ್ಕೆ ಹತ್ತಿ ಯಾರು ಓದುತ್ತಾರೆ? ಕೆಳಗೆ ನೆರಳಿನಲ್ಲಿ ಕುರಿ ಮಲಗಿದ್ದವು."

"ಒಂದೂ ಉಳಿದಿರಲಿಲ್ಲವೇ?"

"ರೋಮನರ ಹಳೆಯ ದಾರಿಯಲ್ಲಿ ಒಂದು ಕಲ್ಲು ಕಂಡೆ. ಮೇಲೆ ಚಕ್ರವರ್ತಿಯ ಹೆಸರು, ಅದರ ತುಂಬ ಪಾಚಿ. ಕೆಳಗಿನ ಸಾಲು ಮಾತ್ರ ತೊಳೆದಿಟ್ಟ ಹಾಗಿತ್ತು. ದಾರಿಹೋಕರೆಲ್ಲ ಅದನ್ನೇ ಉಜ್ಜಿ ಉಜ್ಜಿ ನೋಡುತ್ತಿದ್ದರು."

"ಅದರಲ್ಲಿ ಏನಿತ್ತು?"

"ಮುಂದಿನ ಊರು ಎಷ್ಟು ದೂರ ಎಂದಿತ್ತು."

ಸೋವಣ ಕಲ್ಲಿನ ಬುಡದ ಸಣ್ಣ ಸಾಲನ್ನು ಇನ್ನೊಮ್ಮೆ ಬೆರಳಿನಿಂದ ಸವರಿದ. "ಅರಮನೆಯ ಕೆಲಸ ಕೈತಪ್ಪುತ್ತದೆ, ಗುರುಗಳೇ."

"ತಪ್ಪಬಹುದು."

"ನಿಮಗೆ ಬೇಸರವಿಲ್ಲವೇ?"

"ಇಲ್ಲದೆ ಏನು. ನಿನ್ನ ಅಡುಗೆಯನ್ನು ಇನ್ನೂ ಎಷ್ಟು ವರ್ಷ ತಿನ್ನಬೇಕೋ."

ಹೀಗೆಂದು ಹಿಂಡಿದ ಪಂಚೆಯ ತುದಿಯಿಂದ ಅವನ ಕೆನ್ನೆಯ ಕೆಸರು ಒರೆಸಿದರು.

ಸೋವಣ ನೆಟ್ಟಗೆ ಮಾಕಬ್ಬೆಯ ಹತ್ತಿರ ಹೋದ. ಅವಳು ಕೋಲೂರಿಕೊಂಡು ಮುಂದೆ ನಡೆದು ಹೊಲ ತೋರಿಸಿದಳು.

"ಬೇಗ ಬಾ ತಮ್ಮಾ, ಗಂಜಿ ಒಲೆಯ ಮೇಲಿದೆ. ಇಗೋ, ಈ ಬನ್ನಿಮರವೇ ನಮ್ಮ ಪಡುವಣ ಎಲ್ಲೆ."

ಸೋವಣ ನೋಡಿದ. ಮರದ ಈಚೆಗೂ ಗಾವುಂಡನ ನೇಗಿಲ ಸಾಲುಗಳಿದ್ದವು. "ಮರ ಅವನ ಹೊಲದಲ್ಲಿದೆಯಲ್ಲ ಅಬ್ಬೆ?"

"ಮರ ಎಲ್ಲಿಗೆ ಹೋಗುತ್ತದಪ್ಪಾ? ಅವನ ಹೊಲವೇ ನಡೆದು ಬಂದಿದೆ."

ಆ ಸಂಜೆಯೇ ಸೋವಣ ಹೊಸ ಗರಿಯಲ್ಲಿ ಬರೆದ.

ಮಾರನೆಯ ದಿನ ಕಾಳಿಮರಸ ಕಲ್ಲುಕುಟಿಗನನ್ನು ಕರೆದುಕೊಂಡು ಕಡವಿಗೆ ಬಂದ. ಗುರುಗಳ ಜೊತೆ ಕಾದಿದ್ದ ಸೋವಣನ ಕೈಯಿಂದ ಗರಿ ತೆಗೆದುಕೊಂಡು ಓದಿದ. ತಿರುಗಿಸಿ ಹಿಂಬದಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಬಿರುದುಗಳೆಲ್ಲ ಎಲ್ಲಿ?"

"ಅರಸರ ಹೆಸರು ಮೊದಲ ಸಾಲಿನಲ್ಲೇ ಇದೆ, ಅಯ್ಯಾ."

"ಮೂಡಣಕ್ಕೆ ಹುಣಿಸೆಮರ, ತೆಂಕಣಕ್ಕೆ ಕರಿಬಂಡೆ, ಪಡುವಣಕ್ಕೆ ಬನ್ನಿಮರ, ಬಡಗಣಕ್ಕೆ ಹೊಳೆ. ಇದು ಶಾಸನವೋ, ದನ ಕಾಯುವವನಿಗೆ ಹೇಳಿದ ಗುರುತೋ? ಹೀಗೆ ಬರೆಯುವವನಿಗೆ ಅರಮನೆಯಲ್ಲಿ ಏನು ಕೆಲಸ?"

ಸೋವಣ ಹೇಳಿದ: "ಕೆಲಸ ಬೇಡ ಅಯ್ಯಾ. ಇದನ್ನೇ ಕೆತ್ತಿಸಿ."

ಮಾಕಬ್ಬೆ ನಡುವೆ ಬಂದು ಕಾಳಿಮರಸನ ಕೈಗೆ ಗಂಜಿಯ ಬಟ್ಟಲು ಕೊಟ್ಟಳು. ಬಿಸಿಲಲ್ಲಿ ಬಂದವನು, ಬೇಡ ಎನ್ನಲಾಗಲಿಲ್ಲ. ಕುಡಿಯುತ್ತ ಹುಣಿಸೆಮರ ನೋಡಿದ, ಬಂಡೆ ನೋಡಿದ, ಬನ್ನಿಮರ ನೋಡಿದ. ಅದರ ಈಚೆಗೆ ಬಂದಿದ್ದ ನೇಗಿಲ ಸಾಲುಗಳನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಬಟ್ಟಲು ಕೆಳಗಿಟ್ಟು ಕಲ್ಲುಕುಟಿಗನಿಗೆ ಹೂಂ ಎಂದ.

ಉಳಿಯ ಸದ್ದು ಶುರುವಾಯಿತು.

ಕಾಳಿಮರಸ ಗುರುಗಳ ಕಡೆ ತಿರುಗಿದ. "ಕೆತ್ತಿಸುತ್ತೇನೆ, ಸರಿ. ಇಷ್ಟೇನಾ ನನ್ನ ಶಾಸನ ಎಂದು ಅರಸರು ಕೇಳಿದರೆ ಏನು ಹೇಳಲಿ?"

ಗುರುಗಳು ಬೇಲಿಯ ಮೇಲೆ ಹರವಿದ್ದ ಪಂಚೆಯನ್ನು ಮುಟ್ಟಿ ನೋಡಿದರು. ಒಣಗಿತ್ತು. ಹೆಗಲಿಗೆ ಹಾಕಿಕೊಂಡರು.

"ಈ ಕಲ್ಲಿನ ಮೇಲೆ ಯಾರೂ ಬಟ್ಟೆ ಒಗೆಯುವುದಿಲ್ಲ ಎಂದು ಹೇಳಿ."